ಅವ್ರಿಗೆ ಹೇಳು, ರತ್ನಾ

ನನಗೆ ಕಾರು ಓಡಿಸಲು ಬರುತ್ತದೆ ಎಂಬುದು ಸಮತಟ್ಟಾದ ಭೂಮಿಯ ಮಟ್ಟಿಗೆ ಮಾತ್ರ ನಿಜ. ನಂಜನಗೂಡಿನ ನಮ್ಮ ಮನೆಯಿಂದ ತಾಂಡ್ಯದ ಕಾರ್ಖಾನೆಗೆ, ಅಲ್ಲಿ ಸ್ಟೋರ್ಸ್ ಕೆಲಸ ಮುಗಿಸಿ ಮತ್ತೆ ಮನೆಗೆ, ಇಷ್ಟು ದೂರ ದಿನವೂ ಸಲೀಸಾಗಿ ಓಡಿಸುತ್ತೇನೆ. ಸಲೀಸಾಗಿ ಎಂದರೆ, ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ ತಿರುಗಿ ನೋಡುವಷ್ಟು ಸಲೀಸಾಗಿ. ಐವತ್ತು ದಾಟಿದ ಮೇಲೆ ಕಲಿತ ವಿದ್ಯೆ. ಕಲಿಸಿದ ಪುಣ್ಯಾತ್ಮ ಪಕ್ಕದಲ್ಲಿ ಕೂತು ಮೂರು ವಾರ "ಬುಡಿ ಸಾ, ನಿಧಾನಕ್ ಬುಡಿ" ಎನ್ನುತ್ತಾ ಕ್ಲಚ್ಚಿನಿಂದ ನನ್ನ ಕಾಲು ಬಿಡಿಸಿದ. ಕೊನೆಗೆ ಯಾರು ಎಲ್ಲಿ "ಬುಡಿ" ಎಂದರೂ ನನ್ನ ಕಾಲು ತಾನಾಗಿ ಮೇಲೇಳುವಂತಾಯಿತು. ಹೋಟೆಲಿನಲ್ಲಿ ಕಾಫಿ ತಟ್ಟೆ ಹಿಡಿದವನು "ದಾರಿ ಬುಡಿ" ಎಂದಾಗಲೂ ಎದ್ದಿದೆ. ಆಗೆಲ್ಲ ನಕ್ಕು ಸುಮ್ಮನಾಗಿದ್ದೆ.

ಇನ್ನು ನನ್ನ ಅತ್ತೆಯವರ ವಿಷಯ. ನನ್ನ ಹೆಂಡತಿ ರತ್ನಳ ತಾಯಿ ತಿ. ನರಸೀಪುರದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಗಟ್ಟಿಯಾಗಿ ಮಾತಾಡಿಕೊಂಡಿರುವವರು. ಆದರೆ ನಮ್ಮ ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನ್ನೊಡನೆ ನೇರವಾಗಿ ಒಂದು ಮಾತಾಡಿದವರಲ್ಲ. ಸಿಟ್ಟಲ್ಲ, ಮರ್ಯಾದೆ. ಅಳಿಯನ ಎದುರು ಅತ್ತೆ ಬಾಯಿ ತೆರೆಯಬಾರದು ಎಂಬುದು ಅವರ ತಾಯಿಯಿಂದ ಬಂದ ಪದ್ಧತಿ. ನಾನು ಊಟಕ್ಕೆ ಕೂತಿರುತ್ತೇನೆ, ಎದುರಿಗೇ ಸೌಟು ಹಿಡಿದು ನಿಂತು, "ರತ್ನಾ, ಅವ್ರಿಗೆ ಇನ್ನೊಂಚೂರು ಸಾರು ಬೇಕಾ ಕೇಳು" ಎನ್ನುತ್ತಾರೆ. "ಸಾಕು ಅಂತ ಹೇಳು" ಎನ್ನುತ್ತೇನೆ ನಾನು. ಇಬ್ಬರಿಗೂ ಎರಡು ಕಿವಿ ನೆಟ್ಟಗಿದ್ದರೂ ರತ್ನ ಎರಡನ್ನೂ ಮುಟ್ಟಿಸುತ್ತಾಳೆ. ನನ್ನ ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋದಳು. ಮದುವೆಯಾದಾಗ ಇನ್ನೊಬ್ಬಳು ಅಮ್ಮ ಸಿಕ್ಕಳು ಎಂದು ಒಳಗೊಳಗೇ ಹಿಗ್ಗಿದ್ದೆ. ಸಿಕ್ಕಿದ್ದು ಬಹುವಚನ. ಆ ಮರ್ಯಾದೆ ನನಗೆ ಸಾಕುಸಾಕಾಗಿತ್ತು ಕಣ್ರೀ.

ಆದ್ದರಿಂದಲೇ ಈ ಸಲ ದಸರಾ ರಜೆಯಲ್ಲಿ, ಅತ್ತೆಗೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಆಸೆ, ಬಸ್ಸು ಹತ್ತಿದರೆ ವಾಂತಿ ಎಂದು ರತ್ನ ಹೇಳಿದಾಗ, "ನಾನೇ ಕರ್ಕೊಂಡು ಹೋಗ್ತೀನಿ ಅಂತ ಹೇಳು" ಎಂದುಬಿಟ್ಟೆ. ಇಡೀ ದಿನ ಒಂದೇ ಕಾರಿನಲ್ಲಿದ್ದರೆ ಒಂದು ಮಾತಾದರೂ ಆಡಿಯಾರು ಎಂಬ ದುರಾಸೆ. ಕೊಳ್ಳೇಗಾಲ ದಾಟುತ್ತಲೇ ಹಿಂದಿನ ಸೀಟಿನಿಂದ ದನಿ ಬಂತು: "ರತ್ನಾ, ಅವ್ರಿಗೆ ಹೇಳು, ಎಮ್ಮೆ ಅಡ್ಡ ಬತ್ತಾ ಅದೆ." ಪಕ್ಕದಲ್ಲಿದ್ದ ರತ್ನ, "ರೀ, ಎಮ್ಮೆ ಅಡ್ಡ ಬರ್ತಿದೆಯಂತೆ" ಎಂದಳು. ಅಷ್ಟರಲ್ಲಿ ಎಮ್ಮೆ ರಸ್ತೆ ದಾಟಿ ಮೇಯುತ್ತಿತ್ತು.

ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಕೈಮುಗಿದು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಹತ್ತತೊಡಗಿದೆವು. ಅಬ್ಬಬ್ಬಾ, ಅದು ರಸ್ತೆಯೇ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಆಕಾಶ. ಒಂದು ಕಡಿದಾದ ತಿರುವಿನಲ್ಲಿ ಎದುರಿಗೆ ಬಸ್ಸು ಧುತ್ತೆಂದು ಬಂತು. ಗೇರು ನ್ಯೂಟ್ರಲ್ಲಿಗೆ ತಂದು, ಬ್ರೇಕ್ ಒತ್ತಿ ಹಿಡಿದು ನಿಂತೆ. ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಬಗ್ಗಿ ಕೈಬೀಸುತ್ತಾ ಕೂಗಿದ: "ಸೈಡ್ ಬುಡಿ ಸಾ! ಬುಡಿ, ಬುಡಿ!"

ಬಿಟ್ಟೆ. ನಾನಲ್ಲ, ನನ್ನ ಕಾಲು. ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ಅದು ಕೇಳಲೂ ಇಲ್ಲ. ಕಾರು ಆಕಾಶದ ಕಡೆಗೆ ಹಿಂದಕ್ಕೆ ಹೊರಟಿತು. ನನಗೆ ಕೈಕಾಲೇ ಆಡಲಿಲ್ಲ. ಆಗ ಹಿಂದಿನಿಂದ ಒಂದು ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು.

"ಕಾಲ್ ಮಡಗೋ ಮಗಾ! ಬಿರೇಕ್ ಮ್ಯಾಲೆ ಕಾಲ್ ಮಡಗೋ!"

ಮಡಗಿದೆ. ಕಾರು ಅಂಚಿನ ಮೋಟುಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ರತ್ನ ನನ್ನ ಕಡೆ ತಿರುಗಿ, ಅಭ್ಯಾಸಬಲದಿಂದ, "ರೀ, ಬ್ರೇಕ್ ಮೇಲೆ ಕಾಲಿಡಬೇಕಂತೆ" ಎಂದಳು.

ಕಂಡಕ್ಟರು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟು, "ಏನ್ ಸಾ, ದಾರಿ ಬುಡಿ ಅಂದ್ರೆ ಪ್ರಾಣನೇ ಬುಡಕ್ಕೋಯ್ತೀರಲ್ಲ!" ಎಂದು ಬೈದ. ಬಸ್ಸೇ ಬಂಡೆಯ ಕಡೆ ಸರಿದು ನಮ್ಮನ್ನು ಸಾಗಹಾಕಿತು. ಅವನು ಬೈದದ್ದು ನನಗೆ ನಾಟಲೇ ಇಲ್ಲ. ಹೋದ ಜೀವ ಬಂದ ಆ ಗಳಿಗೆಯಲ್ಲೂ ನನ್ನ ಕಿವಿಯಲ್ಲಿ ಇದ್ದದ್ದು 'ಮಗಾ' ಒಂದೇ. ಕಣ್ಣು ಮಂಜಾಗಿ ರಸ್ತೆ ಇನ್ನಷ್ಟು ಕಿರಿದಾಗಿ ಕಂಡಿತು. ಬೆಟ್ಟದ ತುದಿ ಬರುವವರೆಗೂ ಅತ್ತೆ ಭುಜದ ಮೇಲಿಂದ ಕೈ ತೆಗೆಯಲಿಲ್ಲ. ಕಾರು ನಿಂತ ಮೇಲೆ ಸೆರಗು ಸರಿಮಾಡಿಕೊಂಡು, "ರತ್ನಾ, ಅವ್ರಿಗೆ ನೀರು ಕೊಡು" ಎಂದರು. ನನಗೆ ಪಿಚ್ಚೆನಿಸಿತು.

ಮಾರನೆಯ ದಿನ ಅವರನ್ನು ಮನೆಗೆ ಬಿಟ್ಟು ಹೊರಟೆವು. ನರಸೀಪುರದ ಅವರ ಮನೆಯ ಮುಂದೆ ರಸ್ತೆ ಚೂರು ಏರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾಚಿಕೆಗೇಡಿನ ಸಂಗತಿ, ಆದರೂ ಹೇಳಿಬಿಡುತ್ತೇನೆ: ಕನ್ನಡಿಯಲ್ಲಿ ಅವರನ್ನೇ ನೋಡುತ್ತಾ ಬ್ರೇಕಿನಿಂದ ಕಾಲನ್ನು ಮೆಲ್ಲಗೆ ಸಡಿಲಿಸಿದೆ. ಕಾರು ಗೇಣುದ್ದ ಹಿಂದೆ ಸರಿಯಿತು. ನಾನು ಕಿವಿಗೊಟ್ಟು ಕಾದೆ.

"ರತ್ನಾ," ಎಂದರು ಅತ್ತೆ, ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಅವ್ರಿಗೆ ಹೇಳು, ಬೇಕೂಂತ ಮಾಡುದ್ರೆ ಕೂಗಾಕಿಲ್ಲ ಅಂತ."

ರತ್ನ ಅದನ್ನೂ ನನಗೆ ಮುಟ್ಟಿಸಿದಳು.