ಎರಡು ಪ್ರತಿ, ಒಂದು ಬಸ್ಸು

ಬೆಳಗ್ಗೆ ಆಫೀಸಿನ ಕಂಪ್ಯೂಟರ್ ಪರದೆಯ ಮೇಲೆ ಮೂಡಿದ್ದು ಒಂದೇ ಸಾಲು: 'ಎರಡು ಪ್ರತಿಗಳೂ ಬೇರೆ ಬೇರೆ ಇವೆ.' ದೇವರು ಒಬ್ಬನೇ ಎಂದು ನಂಬಿ ನೆಮ್ಮದಿಯಾಗಿದ್ದ ಹೊಸಬನಿಗೆ ಗ್ರಹಚಾರ ಶುರುವಾದದ್ದು ಅಲ್ಲಿಂದ. ಕೆಲಸಕ್ಕೆ ಸೇರಿ ವರ್ಷಗಳೇ ಆಗಿದ್ದರೂ, ಅವನ ನಂತರ ಯಾರೂ ಬಾರದ್ದರಿಂದ ಅವನು ಹೊಸಬನಾಗಿಯೇ ಉಳಿದಿದ್ದ.

ಹೆಡರ್ ಫೈಲ್ ಎಂದರೆ, ಯಾವ ಹೆಸರಿಗೆ ಯಾವ ಅರ್ಥವೆಂದು ಪ್ರೋಗ್ರಾಮಿನ ಕಿವಿಯಲ್ಲಿ ಮೊದಲೇ ಊದಿಡುವ ಫೈಲು. ಒಂದಿದ್ದರೆ ಸಾಕು. ಆದರೆ ಮೇಲ್ಮಹಡಿಯವರು ತಿದ್ದಿದ್ದರಿಂದ ಕೆಳಮಹಡಿಯವರ ಕೆಲಸ ಕೆಡಬಾರದೆಂದು ಯಾರೋ ಪುಣ್ಯಾತ್ಮರು ಅದರದೊಂದು ನಕಲು ಮಾಡಿ ಕೆಳಗಿನವರಿಗೆ ಕೊಟ್ಟಿದ್ದರು. ಎರಡನ್ನೂ ಹೊಂದಿಸಿಡುವ ಭಾರ ಹೊಸಬನದು.

"ಪರದೆ ಮೇಲಿನ ಆ ಸಾಲು ಹೋದ್ರೆ ರಜೆ," ಎಂದರು ಮ್ಯಾನೇಜರ್. "ಸಂಜೆ ಬಸ್ಸಿಗೆ ಹೋಗಿ ಮಗಳ ಮುಖ ನೋಡ್ಕೊಂಡು ಬಾ. ಇಲ್ಲಾಂದ್ರೆ ಇಲ್ಲ."

ಹೆಂಡತಿ ತವರಿನಲ್ಲಿ ಹೆತ್ತಿದ್ದಳು. ಮಗುವನ್ನು ಅವನು ಕಂಡದ್ದು ಫೋನಿನಲ್ಲಿ ಮಾತ್ರ.

ಹೊಸಬ ಮೇಲ್ಮಹಡಿಯ ಪ್ರತಿಯನ್ನು ಕೆಳಮಹಡಿಯದರ ಮೇಲೆ ನಕಲಿಸಿದ. ಸಾಲು ಮಾಯ! ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ ಕೆಳಮಹಡಿಯ ಅಕ್ಕ ದಡದಡನೆ ಮೆಟ್ಟಿಲೇರಿ ಬಂದರು. ಪ್ರೋಗ್ರಾಮುಗಳನ್ನು ಓಡಿಸಿ ಪರೀಕ್ಷಿಸುವ ವಿಭಾಗಕ್ಕೆ ಅವರೇ ಹಿರಿಯರು. ಸಿಟ್ಟು ಮೂಗಿನ ತುದಿಯಲ್ಲಿ, ಕರುಣೆ ಅದರ ಬೆನ್ನಿಗೇ.

"ನಮ್ಮ ಸಾಲೆಲ್ಲ ಗುಡಿಸಿ ಹಾಕಿದ್ಯಲ್ಲೋ!"

"ಅಕ್ಕಾ, ಅದು ನಕಲು ತಾನೇ?"

"ನಕಲು ನಿಂಗೆ. ನಮಗೆ ಅದೇ ಅಸಲು."

ಬೆದರಿದವನು ಕೆಳಗಿನದನ್ನು ಮೊದಲಿನಂತೆ ಮಾಡಿ, ಅದನ್ನೇ ಮೇಲಿನದರ ಮೇಲೆ ಹೇರಿದ. ಈಗ ಮೇಲ್ಮಹಡಿಯಲ್ಲಿ ಹಾಹಾಕಾರ. ಕೇಳದಿದ್ದರೂ ಸಲಹೆ ಕೊಡುವ ಪಕ್ಕದ ಮೇಜಿನವನು ಕುರ್ಚಿ ಉರುಳಿಸಿಕೊಂಡು ಬಂದ. "ಅಯ್ಯೋ ಮಾರಾಯ, ಅರ್ಧ ಅವರ್ದು, ಅರ್ಧ ನಮ್ದು ಹಾಕು. ಯಾರಿಗೂ ಬೇಜಾರಿಲ್ಲ."

ಹಾಗೇ ಹಾಕಿದ. ಎರಡು ಮಹಡಿಯವರೂ ಕೂಡಿ ಬೈದರು. ಅವರು ಒಂದೇ ಮಾತಿಗೆ ಬಂದದ್ದು ಅಂದು ಅದೊಂದರಲ್ಲೇ.

ಯಾವುದು ತಾಯಿ, ಯಾವುದು ಮರಿ ಎಂದು ತಿಳಿಯದೆ, ಸಂತೆಯಲ್ಲಿ ಅವಳಿ ಮಕ್ಕಳನ್ನು ಕಳೆದುಕೊಂಡವನಂತೆ ಹೊಸಬ ಕುಳಿತ. ಹೆಂಡತಿಯ ಫೋನು ಬಂತು.

"ಹೊರಟ್ರಾ?"

"ಎರಡೂ ಒಂದೇ ಥರ ಆಗ್ಲಿ ಕಣೇ, ಹೊರಟೆ."

"ಎರಡಾ? ನಾನು ಹೆತ್ತಿದ್ದು ಒಂದೇ ರೀ!"

ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ಎರಡು ಮಹಡಿಯ ಸಾಲುಗಳನ್ನೂ ಒಂದೂ ಬಿಡದೆ ಕೂಡಿಸಿ, ಅದನ್ನೇ ಎರಡು ಕಡೆಯೂ ಇಟ್ಟ. ಯಾರೂ ಕೂಗಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಭೇಷ್," ಎಂದರು ಮ್ಯಾನೇಜರ್. "ಆದ್ರೆ ನೀನಿಲ್ದಾಗ ಮತ್ತೆ ಬೇರೆ ಆದ್ರೆ?"

ಹೊಸಬನಿಗೆ ಜ್ಞಾನೋದಯವಾಯಿತು. ಎರಡು ಏಕಿರಬೇಕು? ಕೆಳಗಿನದನ್ನು ಅಳಿಸಿ, ಅದರ ಜಾಗದಲ್ಲಿ 'ಮೇಲಿನದನ್ನು ನೋಡು' ಎಂದು ಒಂದೇ ಸಾಲು ಬರೆದ. ಬ್ಯಾಗು ಹೆಗಲಿಗೇರಿಸಿ ಬಾಗಿಲು ದಾಟುವಾಗ ಇಡೀ ಕಟ್ಟಡವೇ ಕೂಗಿಕೊಂಡಿತು. ಒಂದು ಪ್ರೋಗ್ರಾಮೂ ಏಳುತ್ತಿಲ್ಲ!

ಅಕ್ಕ ಏದುಸಿರು ಬಿಡುತ್ತ ಬಂದರು. "ನಾನೇನೂ ಮಾಡಿಲ್ಲಪ್ಪ. ಪಾಪ, ನೀನು ಬೇಗ ಹೊರಡ್ಲಿ ಅಂತ ಮೇಲಿನದನ್ನ ಅಳಿಸಿ, 'ಕೆಳಗಿನದನ್ನು ನೋಡು' ಅಂತ ಬರೆದೆ, ಅಷ್ಟೇ."

ಮೇಲಿನದು ಕೆಳಗೆ ಕೈ ತೋರಿಸುತ್ತಿತ್ತು, ಕೆಳಗಿನದು ಮೇಲೆ. ಫೈಲು ಮಾತ್ರ ಎಲ್ಲಿಯೂ ಇರಲಿಲ್ಲ.

ಹಳೆಯದನ್ನೆಲ್ಲ ಹುಡುಕಿ ಎರಡನ್ನೂ ಮತ್ತೆ ಸ್ವಸ್ಥಾನಕ್ಕೆ ತಂದಿಡುವಷ್ಟರಲ್ಲಿ ಬಸ್ಸು ಊರು ದಾಟಿತ್ತು.

"ನಾಳೆ ಬೆಳಗ್ಗೆ ಬಸ್ಸಿಗಾದ್ರೂ ಹೋಗ್ಲಾ ಸರ್?"

ಮ್ಯಾನೇಜರ್ ಅವನ ಬೆನ್ನು ಸವರಿದರು. "ಪ್ರೀತಿ ಇರೋರೆಲ್ಲ ನಿಂಗೆ ಸಹಾಯ ಮಾಡೋಕೆ ನಿಂತಿದಾರಪ್ಪ. ಅವರು ಇದನ್ನ ಮುಟ್ಟದ ಹಾಗೆ ನೀನೇ ಕೂತು ಕಾಯ್ಬೇಕು."