ಜಮೈಕಾ ರಮ್ಮು, ಹವಾಲ್ದಾರನ ನಾಲಿಗೆ

ಸೋಮಪ್ಪ: ಇದು ಕೆಟ್ಟೈತಿ.

ಪಕ್ಕೀರಪ್ಪ: ಬಾಯಿಗೇ ಹಾಕ್ಕೊಂಡಿಲ್ಲ, ಕೆಟ್ಟೈತಿ ಅಂತ ಹೆಂಗ ಹೇಳ್ತಿ?

ಸೋಮಪ್ಪ: ವಾಸನಿ ನೋಡಿದ್ನಲ್ಲ. ಕೊಳೆತ ಬಾಳಿಹಣ್ಣು, ಸೀದ ಬೆಲ್ಲ, ಅದರ ಮ್ಯಾಲೆ ಬಡಿಗ್ಯಾರ ಅಂಗಡಿ ವಾರ್ನಿಷ್. ಇದನ್ನ ಯಾವನು ಕೊಟ್ಟನಲೇ ನಿನಗ?

ಪಕ್ಕೀರಪ್ಪ: ಹಡಗಿನ ಅಡಿಗಿಯವ. ಜಮೈಕಾದಾವ. ಹನ್ನೆರಡು ವರ್ಸ ಕಟ್ಟಿಗಿ ಪೀಪಾಯಿದಾಗ ಇಟ್ಟ ಮಾಲಿದು.

ಸೋಮಪ್ಪ: ಅಂದ್ರ, ಹನ್ನೆರಡು ವರ್ಸ ಯಾರೂ ಕೊಳ್ಳಲಿಲ್ಲ.

ಈ ವಾದ ನಡೆದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಪಕ್ಕೀರಪ್ಪನ ಹಿತ್ತಿಲಲ್ಲಿ, ಎಪ್ಪತ್ತೊಂಬತ್ತನೇ ಇಸವಿಯ ಒಂದು ಭಾನುವಾರ ಮಧ್ಯಾಹ್ನ. ಪಕ್ಕೀರಪ್ಪ ಹೊಸಪೇಟೆಯ ಗಣಿ ಕಂಪನಿಯೊಂದರಲ್ಲಿ ಗುಮಾಸ್ತ. ಅದಿರಿನ ಕೆಲಸಕ್ಕೆಂದು ಗೋವಾದ ಬಂದರಿಗೆ ಹೋಗಿದ್ದಾಗ ಹೆಂಡತಿ ಗಾಳೆಮ್ಮ ಕಟ್ಟಿಕೊಟ್ಟ ಮಾವಿನ ಉಪ್ಪಿನಕಾಯಿಯನ್ನು ಅಡಿಗೆಯವನಿಗೆ ಕೊಟ್ಟು ಈ ಬಾಟಲಿ ತಂದಿದ್ದ. ಸೋಮಪ್ಪ ಅವನ ಓಣಿಯವನೇ, ಪಿಂಚಣಿ ಪಡೆಯುವ ಮಾಜಿ ಹವಾಲ್ದಾರ. ತಿಂಗಳು ತಿಂಗಳು ಅವನಿಗೆ ಮಿಲಿಟರಿ ಕೋಟಾದ ರಮ್ ಬರುತ್ತಿತ್ತು. ಅದೊಂದೇ ಯೋಗ್ಯತೆಯ ಮೇಲೆ ಓಣಿಯ ಜನ ಅವನನ್ನು ಪಾನಶಾಸ್ತ್ರದ ಪಂಡಿತನೆಂದು ನಂಬಿದ್ದರು.

ಪಕ್ಕೀರಪ್ಪ ವರ್ಷಗಟ್ಟಲೆ ಈ ಪಂಡಿತನ ಕಟ್ಟೆಯ ಮೇಲೆ ಕೂತು ಗ್ಲಾಸು ಚಾಚಿದವನು. ಚಾಚಿದಾಗಲೆಲ್ಲ ಹೊಟ್ಟೆತುಂಬ ಬೈಗುಳ ತಿಂದು, ಅರ್ಧ ಗ್ಲಾಸು ಹಾಕಿಸಿಕೊಂಡು ಬಂದವನು. ಜೀವಮಾನದಲ್ಲಿ ಒಮ್ಮೆಯಾದರೂ ತಾನು ಹಾಕುವವನಾಗಬೇಕು, ಸೋಮಪ್ಪ ಗ್ಲಾಸು ಚಾಚಿ ಚಲೋ ಐತಿ ಅನ್ನಬೇಕು ಎಂಬ ಒಂದೇ ಆಸೆಯಿಂದ ಅವನು ಇವತ್ತು ಬಾಟಲಿ ಬಿಚ್ಚಿದ್ದ. ತಾನಿನ್ನೂ ಒಂದು ಹನಿ ಮುಟ್ಟಿರಲಿಲ್ಲ.

ಗಾಳೆಮ್ಮ ಮಂಡಕ್ಕಿ, ಮಿರ್ಚಿಯ ತಟ್ಟೆ ತಂದಿಟ್ಟಳು. ಪಕ್ಕೀರಪ್ಪ ಅದನ್ನು ಎತ್ತಿ ಅವಳ ಕೈಗೇ ವಾಪಸು ಕೊಟ್ಟ. ನೀರು ಬೇಡ, ಸೋಡಾ ಬೇಡ, ಖಾರವಂತೂ ಬೇಡವೇ ಬೇಡ ಎಂದು ಅಡಿಗೆಯವನು ಕೈಸನ್ನೆ ಮಾಡಿ ತಿಳಿಸಿದ್ದನಂತೆ. ಮೊದಲು ಮೂಸಬೇಕು, ಆಮೇಲೆ ಒಂದು ಗುಟುಕನ್ನು ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನೆ ಕೂಡಬೇಕಂತೆ.

ಸೋಮಪ್ಪ: ನಾಲಿಗಿ ಮ್ಯಾಲೆ ಇಟ್ಕೊಂಡು ಕೂಡಾಕ ಇದೇನು ಜ್ವರ ನೋಡೋ ಕಡ್ಡಿ ಏನು?

ಪಕ್ಕೀರಪ್ಪ: ರುಚಿ ನೋಡಾಕ.

ಸೋಮಪ್ಪ: ರಮ್ಮಿನ ರುಚಿ ಯಾವನು ನೋಡ್ತಾನಲೇ?

ನಮ್ಮ ಕಡೆಯ ಮಟ್ಟಿಗೆ ಅವನು ಕೇಳಿದ್ದು ಸರಿಯೇ. ಇಲ್ಲಿ ಕುಡಿಯುವವರು ಮೊದಲು ಮೆಣಸಿನಕಾಯಿ ಕಡಿದು ನಾಲಿಗೆ ಸುಟ್ಟುಕೊಳ್ಳುತ್ತಾರೆ. ಅದಕ್ಕೆ ಏನೂ ತಿಳಿಯದಂತಾದ ಮೇಲೆ ಗ್ಲಾಸು ಎತ್ತುತ್ತಾರೆ. ಇಷ್ಟು ವರ್ಷ ರಮ್ ಕುಡಿದ ಸೋಮಪ್ಪನಿಗೆ ರಮ್ಮಿನ ರುಚಿ ಏನೆಂಬುದೇ ಗೊತ್ತಿರಲಿಲ್ಲ. ಹಾಗಿದ್ದೂ ಕೇಳಿದವರಿಗೆ, ಕೇಳದವರಿಗೆ ಅಭಿಪ್ರಾಯ ಹಂಚುತ್ತಿದ್ದ. ಇಂಥ ಪಂಡಿತರು ನಮ್ಮಲ್ಲಿ ಕುಡಿತದ ವಿಷಯಕ್ಕಷ್ಟೇ ಅಲ್ಲ, ಎಲ್ಲ ವಿಷಯಕ್ಕೂ ಇದ್ದಾರೆ, ಬಿಡಿ.

ಗಾಳೆಮ್ಮ: ಖಾರ ಇಲ್ಲದ ಕುಡಿಯಾಕ ಅಂಜಿಕಿ ಆಗತೈತೇನಣ್ಣ? ಬಂದೂಕ ಹಿಡದು ಬಂದಾವ ನೀನು.

ಮಾತು ನಾಟಿತು. ಸೋಮಪ್ಪ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕೂತ. ಕಣ್ಣು ಮುಚ್ಚಿದವು. ಮುಖದ ಮೇಲಿದ್ದ ಹವಾಲ್ದಾರ ಮೆಲ್ಲಗೆ ಕೆಳಗಿಳಿದ. ಬಹಳ ಹೊತ್ತಾದ ಮೇಲೆ ನುಂಗಿ, ತುಟಿ ನೆಕ್ಕಿಕೊಂಡು, ಗ್ಲಾಸನ್ನು ಒಂದು ಗೇಣು ಮುಂದೆ ಸರಿಸಿದ.

ಪಕ್ಕೀರಪ್ಪ: ಹೆಂಗೈತಿ?

ಸೋಮಪ್ಪ: ಕೆಟ್ಟೈತಿ.

ಪಕ್ಕೀರಪ್ಪ: ಮತ್ತ ಗ್ಲಾಸ್ ಯಾಕ ಮುಂದ ಬಂತು?

ಸೋಮಪ್ಪ: ಎಷ್ಟು ಕೆಟ್ಟೈತಿ ಅಂತ ನೋಡಬೇಕಲ್ಲ.

ಪಕ್ಕೀರಪ್ಪ: ಕೆಟ್ಟ ಮಾಲು ದೋಸ್ತಗ ಹಾಕಿದ್ರ ನನಗ ಪಾಪ ಬರ್ತೈತಿ. ಚಲೋ ಐತಿ ಅನ್ನು, ಹಾಕ್ತೀನಿ.

ಬಾಟಲಿಗೆ ಬೂಚು ಬಿತ್ತು. ಸೋಮಪ್ಪ ಸುತ್ತಿ ಬಳಸಿ ಮಾತಾಡಿದ. ಬಾಟಲಿ ಚಲೋ ಐತಿ ಎಂದ. ಅದಕ್ಕೆ ಅಂಟಿಸಿದ ಚೀಟಿ ಚಲೋ ಐತಿ, ಜಮೈಕಾ ದೇಶವೂ ಚಲೋ ಇದ್ದೀತು ಎಂದ. ಪಕ್ಕೀರಪ್ಪ ಬೂಚಿನ ಮೇಲಿನ ಕೈ ತೆಗೆಯಲಿಲ್ಲ. ಬಾಟಲಿ ಅಷ್ಟು ಚಂದ ಕಂಡರೆ ಖಾಲಿ ಆದಮೇಲೆ ಒಯ್ಯಲಿ ಎಂದು ಗಾಳೆಮ್ಮ ಬಾಗಿಲಲ್ಲೇ ನಿಂತು ಹೇಳಿದಳು. ಕೊನೆಗೆ ಸೋಮಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಸೋಮಪ್ಪ: ಚಲೋ ಐತಿ.

ಪಕ್ಕೀರಪ್ಪ: ಗ್ವಾಡಿಗೆ ಹೇಳಿದೇನು?

ಸೋಮಪ್ಪ: ನಿನಗ ಹೇಳಿದ್ನಲೇ. ಚಲೋ ಐತಿ. ಇಷ್ಟು ದಿನ ನಾ ಕುಡಿದದ್ದು ರಮ್ಮೇ ಅಲ್ಲ. ಹಾಕು.

ಪಕ್ಕೀರಪ್ಪನ ಎದೆ ತುಂಬಿ ಬಂತು. ಇಷ್ಟು ವರ್ಷದ ಬೈಗುಳವೆಲ್ಲ ಒಂದೇ ಮಾತಿಗೆ ತೊಳೆದುಹೋದಂತಾಯಿತು. ಸೋಮಪ್ಪನ ಗ್ಲಾಸನ್ನು ಧಾರಾಳವಾಗಿ ತುಂಬಿಸಿ, ತಾನೂ ಒಂದಿಷ್ಟು ಹಾಕಿಕೊಂಡ. ಅಡಿಗೆಯವನು ಹೇಳಿದಂತೆಯೇ ಮೂಸಿ, ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಹೆಚ್ಚು ಹೊತ್ತು ಕೂಡಲಾಗಲಿಲ್ಲ. ಎದ್ದು ಓಡಿ ನುಗ್ಗೆಗಿಡದ ಬುಡಕ್ಕೆ ಉಗುಳಿ ಬಂದ.

ಪಕ್ಕೀರಪ್ಪ: ಸೋಮಣ್ಣ, ಇದು ಖರೇನ ಕೆಟ್ಟೈತಿ.

ಸೋಮಪ್ಪ: ಕೆಟ್ಟಿಲ್ಲ. ನಿನಗ ತಿಳಿಯಂಗಿಲ್ಲ.

ಎಂದವನೇ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡು ಪಾಠ ಶುರುಮಾಡಿದ. ಮೊದಲು ಒಣದ್ರಾಕ್ಷಿ ಬರುತ್ತದಂತೆ, ಅದರ ಹಿಂದೆ ಕಟ್ಟಿಗೆಯ ಹೊಗೆ, ಕಡೆಗೆ ಸಣ್ಣಗೆ ಸೀದ ಬೆಲ್ಲದ ಕಹಿ. ಖಾರ ತಿಂದು ಕುಡಿಯುವ ಕಾಡುಜನಕ್ಕೆ ಇದು ಹೇಗೆ ತಿಳಿದೀತು ಎಂದ. ಒಂದು ತಾಸಿನ ಹಿಂದೆ ತಾನೂ ಆ ಕಾಡಿನಲ್ಲೇ ಇದ್ದದ್ದು ಅವನಿಗೆ ನೆನಪಾಗಲಿಲ್ಲ. ಪಕ್ಕೀರಪ್ಪ ಅಷ್ಟನ್ನೂ ತಲೆ ತಗ್ಗಿಸಿ ಕೇಳಿದ. ಕಡೆಗೆ ತನ್ನ ಗ್ಲಾಸನ್ನು ತೊಳೆದುಕೊಂಡು ಬಂದು ಎದುರಿಗೆ ಕೂತ.

ಪಕ್ಕೀರಪ್ಪ: ನಿನ್ನ ಮಿಲಿಟರಿದು ಮನ್ಯಾಗ ಉಳದೈತೇನಣ್ಣ?

ಸೋಮಪ್ಪ: ಐತಿ. ಯಾಕ?

ಪಕ್ಕೀರಪ್ಪ: ಅರ್ಧ ಗ್ಲಾಸ್ ಸಿಕ್ಕಿದ್ರ...

ಗಾಳೆಮ್ಮ: ಮನಿ ನಿಂದು, ಬಾಟ್ಲಿ ನಿಂದು. ಗ್ಲಾಸ್ ಚಾಚಾವನೂ ನೀನ.