ಬ್ಯಾಟರಿಗೆ ಇಟ್ಟ ಕುಂಕುಮ

ಅರವತ್ತು ದಾಟಿದ ಹೆಂಗಸರಿಗೆ ಯಾವುದಾದರೊಂದು ಹೊಸ ಹುಚ್ಚು ಹತ್ತುವುದು ಸಹಜ. ನನ್ನ ಸ್ನೇಹಿತೆಯರಲ್ಲಿ ಒಬ್ಬರಿಗೆ ಯೋಗ, ಇನ್ನೊಬ್ಬರಿಗೆ ಕುಂಡದಲ್ಲಿ ಕರಿಬೇವು. ನನಗೆ ಹತ್ತಿರುವುದು ಲಿಥಿಯಂ ಬ್ಯಾಟರಿಯ ಹುಚ್ಚು. ಯಾರ ಮನೆಗೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಚಾರ್ಜರಿನ ಕಡೆಗೆ. ಹಾಸಿಗೆಯ ಮೇಲೆ ಫೋನ್ ಚಾರ್ಜಾಗುತ್ತಿದ್ದರೆ ಕೇಳದೆಯೇ ಎತ್ತಿ ಮೇಜಿನ ಮೇಲಿಡುತ್ತೇನೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಪವರ್ ಬ್ಯಾಂಕ್ ಕಂಡರೆ ಕಾರಿನವರನ್ನು ಹುಡುಕಿಕೊಂಡು ಹೋಗುತ್ತೇನೆ. ನಾನಿರುವ ಎಪ್ಪಿಂಗ್ ಬಡಾವಣೆಯಲ್ಲಿ ಈಗ ನನ್ನ ತಲೆ ಕಂಡೊಡನೆ ಚಾರ್ಜರುಗಳನ್ನು ಬಚ್ಚಿಡುತ್ತಾರಂತೆ. ಬಚ್ಚಿಡಲಿ, ನನಗೇನೂ ಬೇಸರವಿಲ್ಲ.

ಇದಕ್ಕೆಲ್ಲ ಮೂಲ ನಮ್ಮವರ ವೇಪ್. ಮೂವತ್ತು ವರ್ಷ ಸೇದಿದ ಸಿಗರೇಟನ್ನು ಬಿಡಲೆಂದು ಡಾಕ್ಟರನ್ನು ಕೇಳಿ ತಂದುಕೊಂಡದ್ದು. ಹೊಗೆಯ ಬದಲು ಆವಿ ಎಳೆಯುವ, ಪುಟ್ಟ ಟಾರ್ಚಿನಂಥ ವಸ್ತು. ಅದಕ್ಕೆ ಬೆರಳುದ್ದದ ಎರಡು ಬ್ಯಾಟರಿ; ಒಂದು ಒಳಗಿದ್ದರೆ ಇನ್ನೊಂದು ಹೊರಗೆ. ಬ್ಯಾಟರಿ ಚಾರ್ಜಿಗೆ ಹಾಕುವುದು ಮಾತ್ರ ಅವರಿಗೆ ಒಂದು ದಿನವೂ ನೆನಪಾಗಲಿಲ್ಲ. "ಲೇ, ಇದು ಸತ್ತು ಹೋಯ್ತಲ್ಲೇ!" ಎಂದು ಸೋಫಾದಿಂದಲೇ ಕೂಗುತ್ತಿದ್ದರು. ನಾನು ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಅದೇ ಕೈಯಲ್ಲಿ ಬ್ಯಾಟರಿಯನ್ನು ಚಾರ್ಜರಿಗೆ ಹಾಕುತ್ತಿದ್ದೆ. ಜನವರಿಯಲ್ಲಿ ಒಂದು ಬೆಳಗ್ಗೆ ಅವರ ಹೃದಯ ನಿಂತಿತು. ನನ್ನ ಅಭ್ಯಾಸ ನಿಲ್ಲಲಿಲ್ಲ. ಯಾರೂ ಎಳೆಯದ ವೇಪಿಗೆ ದಿನವೂ ಚಾರ್ಜು. ಚಾರ್ಜರಿನ ನಾಲ್ಕು ಗೆರೆಗಳೂ ತುಂಬಿದ ಮೇಲೆಯೇ ನನಗೆ ಕಾಫಿ.

ಸೆಪ್ಟೆಂಬರಿನಲ್ಲಿ ಮೆಲ್ಬರ್ನಿನ ಮಗಳು, "ಅಮ್ಮ, ಎರಡು ತಿಂಗಳು ಇಲ್ಲಿ ಕ್ಲೈಡ್ ನಾರ್ತ್‌ಗೆ, ನಮ್ಮನೆಗೆ ಬಂದ್ಬಿಡು. ನಾನೇ ಟಿಕೆಟ್ ಬುಕ್ ಮಾಡ್ತೀನಿ" ಎಂದಳು. ಹೊರಡಲು ಸಿದ್ಧಳಾದೆ. ಅವರ ಕೈಗಡಿಯಾರ, ಬೀಗದ ಕೈ ಗೊಂಚಲು, ವೇಪು, ಎರಡು ಬ್ಯಾಟರಿ, ಎಲ್ಲವನ್ನೂ ಉಂಡೆ ತುಂಬುವ ಸ್ಟೀಲ್ ಡಬ್ಬಿಗೆ ಹಾಕಿ ಸೂಟ್‌ಕೇಸಿನ ನಡುವೆ ಭದ್ರವಾಗಿಟ್ಟೆ. ಸೂಟ್‌ಕೇಸಿನ ಜಿಪ್ ಎಳೆಯಲಾಗದೆ ಪಕ್ಕದ ಫ್ಲಾಟಿನ ಮೆಲ್ವಿನ್‌ನನ್ನು ಕರೆದೆ. ಮಂಗಳೂರಿನವನು, ಎಲೆಕ್ಟ್ರಿಷಿಯನ್. ಡಬ್ಬಿ ಗಲಗಲ ಎಂದಿತು. ಮುಚ್ಚಳ ತೆಗೆದು ನೋಡಿದವನೇ ಎರಡು ಹೆಜ್ಜೆ ಹಿಂದೆ ಹಾರಿದ.

"ಎಂತ ಆಂಟಿ ಇದು? ಬಾಂಬ್ ತಕೊಂಡು ಹೋಗ್ತಿದ್ದೀರಾ?"

"ಬಾಯಿ ಮುಚ್ಚು. ಅದು ಅಂಕಲ್‌ದು."

"ಅಂಕಲ್‌ದಾದ್ರೆ ಬೆಂಕಿ ಹತ್ತುದಿಲ್ವಾ? ಸ್ಟೀಲ್ ಡಬ್ಬಿ, ಕೀ, ವಾಚು! ಎರಡು ತುದಿಗೂ ಕಬ್ಬಿಣ ತಾಗಿದ್ರೆ ಮುಗೀತು. ಅದೂ ಫುಲ್ ಚಾರ್ಜ್ ಬೇರೆ! ಇದನ್ನು ಸೂಟ್‌ಕೇಸಲ್ಲಿ ಹಾಕ್ಲಿಕ್ಕೇ ಇಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೈಚೀಲದಲ್ಲಿ ತಕೊಂಡು ಹೋಗ್ಬೇಕು."

ಆಮೇಲೆ ಒಂದು ಬ್ಯಾಟರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ: "ಇದ್ರ ತಲೆಗೆ ಕೆಂಪು ಕೆಂಪು ಎಂತ?"

ಕುಂಕುಮ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಮಿಕ್ಸಿಯಿಂದ ಲ್ಯಾಪ್‌ಟಾಪಿನವರೆಗೆ ಯಾವುದೂ ಬರಿಹಣೆಯಲ್ಲಿ ಇರುವಂತಿಲ್ಲ. ಹೋದ ವರ್ಷ ಗಂಧ ತೇಯ್ದು, ಒದ್ದೆ ಗಂಧದ ಮೇಲೆ ಕುಂಕುಮವಿಟ್ಟು, ಬ್ಯಾಟರಿಗಳನ್ನೂ ಸಾಲಾಗಿ ನಿಲ್ಲಿಸಿದ್ದೆ. ಮರುದಿನ ಅವರು, "ನಿನ್ನ ಭಕ್ತಿಗೆ ಕರೆಂಟೇ ಬರ್ತಾ ಇಲ್ವಲ್ಲೇ" ಎಂದು ಗೊಣಗುತ್ತ ಅಡುಗೆಮನೆಯ ಚಾಕುವಿನಿಂದ ಕೆರೆಯುತ್ತ ಕೂತಿದ್ದರು. ಹಾಗೆ ಕೆರೆಯುವಾಗಲೇ ಈ ಒಂದರ ಪ್ಲಾಸ್ಟಿಕ್ ಹೊದಿಕೆ ಹರಿದಿತ್ತು.

"ಹೊದಿಕೆ ಹರಿದದ್ದು ಡೇಂಜರ್. ಇದನ್ನು ಕೊಡ್ಲೇಬೇಕು ಆಂಟಿ. ಕಸದ ಬುಟ್ಟಿಗೆ ಅಲ್ಲ, ಸೂಪರ್‌ಮಾರ್ಕೆಟಲ್ಲಿ ಹಳೇ ಬ್ಯಾಟರಿಗೇ ಒಂದು ಪೆಟ್ಟಿಗೆ ಉಂಟು" ಎಂದ.

ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ಅವರ ಷರಟುಗಳನ್ನು ಕೊಟ್ಟಿದ್ದೆ, ಬೂಟುಗಳನ್ನು ಕೊಟ್ಟಿದ್ದೆ. ಆದರೆ ಇದರ ಮೇಲೆ ನಾನಿಟ್ಟ ಕುಂಕುಮವಿತ್ತು, ಅವರು ಕೆರೆದ ಗೀರಿತ್ತು. ಹೀಗೆ ನಮ್ಮಿಬ್ಬರ ಜಗಳವೂ ಒಟ್ಟಿಗೇ ಉಳಿದಿರುವ ವಸ್ತು ಮನೆಯಲ್ಲಿ ಬೇರೊಂದಿರಲಿಲ್ಲ.

"ಇನ್ನೊಂದು ಚೆನ್ನಾಗುಂಟಲ್ಲ," ಮೆಲ್ವಿನ್ ದನಿ ತಗ್ಗಿಸಿದ. "ಅದನ್ನು ಇಟ್ಕೊಳ್ಳಿ. ಆದ್ರೆ ದಿನಾ ಫುಲ್ ಮಾಡ್ಬೇಡಿ, ಬೇಗ ಹಾಳಾಗ್ತದೆ. ಎರಡು ಗೆರೆ ಸಾಕು. ತಿಂಗಳುಗಟ್ಟಲೆ ಮುಟ್ಟುದು ಬೇಡ."

ಎಂಟು ತಿಂಗಳಿನಿಂದ ನಾನು ಪ್ರೀತಿ ಎಂದುಕೊಂಡು ಮಾಡಿದ್ದು ಬ್ಯಾಟರಿಗೆ ಹಿಂಸೆಯಾಗಿತ್ತು! ಅಳು ಬರಬೇಕಾದ ಹೊತ್ತಿನಲ್ಲಿ ನಗು ಬಂತು. ಆ ನಗುವಿನ ಜೊತೆಗೇ ಒಂದು ಉತ್ಸಾಹವೂ ಬಂತು. ಎಷ್ಟು ಬಿಸಿಯಾದರೆ ಕೆಟ್ಟದ್ದು, ಬೇರೆ ಚಾರ್ಜರ್ ಹಾಕಿದರೆ ಏನಾಗುತ್ತದೆ, ಕೆಳಗೆ ಬಿದ್ದು ತಗ್ಗಾದದ್ದನ್ನು ಬಳಸಬಹುದೇ ಎಂದು ಕೇಳಿದ್ದೇ ಕೇಳಿದ್ದು. ಜನವರಿಯ ನಂತರ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಮೆಲ್ವಿನ್ ಮೂರು ಲೋಟ ಕಾಫಿ ಕುಡಿದು ತಪ್ಪಿಸಿಕೊಂಡ. ಸಂಜೆ ನಾನೇ ಹರಿದ ಬ್ಯಾಟರಿಯ ಎರಡು ತುದಿಗೂ ಟೇಪ್ ಸುತ್ತಿ ಸೂಪರ್‌ಮಾರ್ಕೆಟಿಗೆ ನಡೆದೆ. ಪೆಟ್ಟಿಗೆಯ ಮುಂದೆ ತುಸು ಹೆಚ್ಚೇ ಹೊತ್ತು ನಿಂತೆ. ಹಿಂದಿದ್ದಾಕೆ ಕೆಮ್ಮಿದಳು. ಹಾಕಿಬಿಟ್ಟೆ.

ವಿಮಾನ ನಿಲ್ದಾಣದಲ್ಲಿ ಕೈಚೀಲ ತಪಾಸಣೆಯ ಹುಡುಗಿ ವೇಪನ್ನೂ ನನ್ನ ಸೀರೆಯನ್ನೂ ಎರಡೆರಡು ಸಲ ನೋಡಿ, "ಈಸ್ ದಿಸ್ ಯುವರ್ಸ್, ಡಾರ್ಲಿಂಗ್?" ಎಂದಳು. ನಿಜ ಹೇಳಹೊರಟರೆ ವಿಮಾನ ತಪ್ಪುತ್ತಿತ್ತು. "ಯೆಸ್" ಎಂದೆ. ಹಿಂದೆ ನಿಂತಿದ್ದ ಕನ್ನಡದ ಕುಟುಂಬವೊಂದು ನನ್ನಿಂದ ದೂರ ಸರಿಯಿತು.

ವರ್ಷಾಂತಿಕ ಆಗುವ ತನಕ ನನಗೆ ಹಬ್ಬವಿಲ್ಲ. ಮಗಳದು ಬೇರೆ ಮನೆ, ಅವಳಿಗೆ ಉಂಟು. ಆಯುಧಪೂಜೆಯ ದಿನ ಕಾರು, ಮಿಕ್ಸಿ, ಮೊಮ್ಮಗಳ ಟ್ಯಾಬ್ಲೆಟ್ ಎಲ್ಲಕ್ಕೂ ಕುಂಕುಮವಿಡುತ್ತ ಬಂದವಳು, "ಅಮ್ಮ, ಅಪ್ಪನ ಬ್ಯಾಟರಿಗೂ ಇಡ್ಲಾ?" ಎಂದಳು.

"ತುದಿ ಮುಟ್ಬೇಡ! ಡಬ್ಬಿ ಮೇಲೆ ಇಡು!" ಎಂದು ನಾನು ಕಿರುಚಿದ ರಭಸಕ್ಕೆ ಅಳಿಯ ಸ್ನಾನದ ಮನೆಯಿಂದ ಓಡಿ ಬಂದ.

ಮರುದಿನ ಬೆಳಗ್ಗೆ ಸೋಫಾದಿಂದ ಗೊಣಗಾಟ ಕೇಳಿಸಿತು. "ಅಜ್ಜೀ, ಇಟ್ಸ್ ಸೋ ಸ್ಟಿಕಿ! ವೈ ಡು ಯೂ ಗೈಸ್ ಡೂ ದಿಸ್?" ಮೊಮ್ಮಗಳು ಟ್ಯಾಬ್ಲೆಟ್ ತೊಡೆಯ ಮೇಲಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಉಗುರಿನಿಂದ ಕುಂಕುಮ ಕೆರೆಯುತ್ತಿದ್ದಳು. ಥೇಟ್ ಅವರೇ. ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಆಮೇಲೆ ಅಡುಗೆಮನೆಗೆ ಹೋಗಿ ಚಾಕುಗಳನ್ನೆಲ್ಲ ಮೇಲಿನ ಕಪಾಟಿಗೆ ಎತ್ತಿಟ್ಟೆ.